ಟಗರಿನ ಹದಿಮೂರನೆಯ ಕಂತು

ಆ ಊರಿನಲ್ಲಿ ಮರೆಯುವುದಕ್ಕೂ ಒಂದು ಕ್ರಮವಿತ್ತು.

ಊರಿಗೆ ಒಂದೇ ಬೀದಿ. ಬೀದಿಯ ಈ ತುದಿಗೆ ಕಲ್ಯಾಣಿ, ಆ ತುದಿಗೆ ಗೋಪುರ. ಎಡಗಡೆ ಬಾಗಿಲಿಗೆ ಬಾಗಿಲು ತಾಗಿದಂತೆ ಆರುನೂರು ಮನೆ, ಬಲಗಡೆ ಉದ್ದಕ್ಕೂ ಜೋಳದ ಹೊಲ. ಪ್ರತಿ ಮನೆಯ ಗೋಡೆಯ ಮೇಲೆ ಒಂದು ಬಿಳಿ ಪರದೆ. ದಿನವೂ ದೀಪ ಹಚ್ಚುವ ಹೊತ್ತಿಗೆ ಗೋಪುರದಿಂದ ಕಥೆಗಳು ಹೊರಟು, ಗಾಳಿಯಲ್ಲಿ ಬಂದು, ಪರದೆಗಳ ಮೇಲೆ ಇಳಿಯುತ್ತಿದ್ದವು. ಎಲ್ಲವೂ ಕೈಯಲ್ಲಿ ಬರೆದ ಚಿತ್ರಗಳ ಕಥೆಗಳು. ಗೆರೆಯ ನರಿ ಓಡುತ್ತಿತ್ತು, ಗೆರೆಯ ಅಜ್ಜಿ ಸೀನುತ್ತಿದ್ದಳು, ಗೆರೆಯ ಚಂದ್ರ ಬಾವಿಗೆ ಬಿದ್ದು ಒದ್ದೆಯಾಗಿ ಎದ್ದು ಬರುತ್ತಿದ್ದ. ಜನ ಊಟ ಮಾಡುತ್ತ ನೋಡುತ್ತಿದ್ದರು. ಯಾರೂ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಗಾಳಿಯಲ್ಲಿ ಬರುವುದನ್ನು ಯಾರು ತಾನೇ ಗಡಿಗೆಯಲ್ಲಿ ತುಂಬಿಡುತ್ತಾರೆ?

ಹುಣ್ಣಿಮೆಗೊಮ್ಮೆ ಗೋಪುರ ಒಂದು ಕಥೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿತ್ತು. ಯಾಕೆ ಎಂದು ಕೇಳುವ ಪದ್ಧತಿ ಇರಲಿಲ್ಲ. ಬೆಳಿಗ್ಗೆ ತಮಟೆ ಬಡಿದರೆ ಊರೆಲ್ಲ ಕಲ್ಯಾಣಿಯ ಮೆಟ್ಟಿಲಿಗೆ ಇಳಿಯುತ್ತಿತ್ತು. ಒಬ್ಬೊಬ್ಬರೂ ಮೂರು ಬೊಗಸೆ ನೀರು ತೆಗೆದುಕೊಂಡು ಕಣ್ಣಿಗೆ ಹೊಡೆದುಕೊಳ್ಳಬೇಕು, ಬೊಗಸೆಗೊಂದು ಮಾತು ಹೇಳಬೇಕು. ಮೊದಲನೆಯದಕ್ಕೆ, ಕಂಡಿಲ್ಲ. ಎರಡನೆಯದಕ್ಕೆ, ಕೇಳಿಲ್ಲ. ಮೂರನೆಯದಕ್ಕೆ, ಇರಲೇ ಇಲ್ಲ. ಆಮೇಲೆ ಮುಖ ಒರೆಸಿಕೊಂಡು ಮನೆಗೆ ಹೋದರೆ, ಆ ಕಥೆ ಇರಲೇ ಇಲ್ಲ.

ಊರಿನ ಕತ್ತಿ, ಕುಡುಗೋಲು, ಈಳಿಗೆಮಣೆಗಳಿಗೆ ಸಾಣೆ ಹಿಡಿಯುವವನೊಬ್ಬನಿದ್ದ. ಅವನನ್ನು ಎಲ್ಲರೂ ಸಾಣೆಯವನು ಎನ್ನುತ್ತಿದ್ದರು. ನಿಯಮವೆಂದರೆ ನಿಯಮ ಎನ್ನುವ ಮನುಷ್ಯ. ಕಲ್ಯಾಣಿಯ ಮೂರನೆಯ ಮೆಟ್ಟಿಲಿನ ಮೇಲೆ ನಿಂತು ತನ್ನ ಮೂರು ಬೊಗಸೆ ಮುಗಿಸಿದ ಮೇಲೂ ಅವನು ಹೋಗುತ್ತಿರಲಿಲ್ಲ. ಅಕ್ಕಪಕ್ಕದವರನ್ನು ನೋಡುತ್ತ, "ಎರಡೇ ಆಯಿತು. ಇನ್ನೊಂದು," ಎನ್ನುತ್ತಿದ್ದ. "ಒದ್ದೆ ಬೆರಳು ಸವರಿಕೊಂಡರೆ ಬೊಗಸೆ ಅನ್ನುವುದಿಲ್ಲ." ಈ ಕೆಲಸಕ್ಕೆ ಅವನನ್ನು ಯಾರೂ ನೇಮಿಸಿರಲಿಲ್ಲ. ಜನ ಬೈದುಕೊಳ್ಳುತ್ತಲೇ ಮೂರನೆಯ ಬೊಗಸೆ ತುಂಬುತ್ತಿದ್ದರು.

ಅವನಿಗೆ ಆ ಮೂರು ಮಾತು ಕಷ್ಟವಾಗಿರಲಿಲ್ಲ. ಅವನ ಮನೆಯೊಂದರಲ್ಲಿ ಮಾತ್ರ ಪರದೆ ಇರಲಿಲ್ಲ. ಸಂಜೆಗಳಲ್ಲಿ ಅವನು ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಹಾಗಾಗಿ ಕಂಡಿಲ್ಲ ಎಂಬುದು ನಿಜ, ಕೇಳಿಲ್ಲ ಎಂಬುದೂ ನಿಜ. ಮೂರನೆಯ ಮಾತನ್ನು ಮಾತ್ರ ಗೋಪುರದ ಮೇಲಿನ ನಂಬಿಕೆಯಿಂದ ಹೇಳುತ್ತಿದ್ದ.

ಒಂದು ಹುಣ್ಣಿಮೆಯ ಬೆಳಿಗ್ಗೆ ಗೋಪುರದ ಪಾರುಪತ್ಯಗಾರ ಮೇಲಿನ ಮೆಟ್ಟಿಲಿನಲ್ಲಿ ನಿಂತು ಓದಿದ: "ಇಂದಿನಿಂದ ಒಂಟಿಕೊಂಬಿನ ಟಗರಿನ ಕಥೆ."

ಜನ ಬಗ್ಗಿ ಬೊಗಸೆ ತುಂಬಿದರು. ಸಾಣೆಯವನ ಪಕ್ಕದಲ್ಲೇ ಗೆರೆಯವಳು ನಿಂತಿದ್ದಳು. ಮುದುಕಿ. ಒಂದು ಕಾಲಕ್ಕೆ ಗೋಪುರಕ್ಕೆ ಚಿತ್ರ ಬರೆದುಕೊಡುತ್ತಿದ್ದವಳು. ಅವಳೂ ಬೊಗಸೆ ತುಂಬಿದಳು, ಆದರೆ ಮುಖದ ಹತ್ತಿರ ತರಲಿಲ್ಲ. ನೀರು ಬೆರಳ ಸಂದಿಯಿಂದ ಸೋರಿ ಸೋರಿ ಖಾಲಿಯಾಯಿತು.

"ಮತ್ತೆ ತುಂಬಿಕೊಳ್ಳಿ ತಾಯಿ," ಎಂದ ಪಾರುಪತ್ಯಗಾರ. ಅವನೇನೂ ಕೆಟ್ಟವನಲ್ಲ. "ಮೂರು ಮಾತು. ಆಮೇಲೆ ಮನೆಗೆ ಹೋಗಿ ಊಟ ಮಾಡಿ."

"ಅದು ನಾನು ಬರೆದದ್ದು."

"ಯಾವುದು?"

"ಟಗರು."

"ಯಾವ ಟಗರು?" ಎಂದ ಪಾರುಪತ್ಯಗಾರ. ಅವನು ಆಗಲೇ ಕಣ್ಣು ತೊಳೆದುಕೊಂಡಿದ್ದ.

ಮೂರು ಮಾತು ಹೇಳದವರ ಗತಿ ಎಲ್ಲರಿಗೂ ಗೊತ್ತಿತ್ತು. ಅವರ ಮೇಲೂ ಊರು ಕಣ್ಣು ತೊಳೆಯುತ್ತಿತ್ತು. ಆಮೇಲೆ ಅವರು ಬೀದಿಯಲ್ಲಿ ನಡೆದರೆ ಯಾರಿಗೂ ಕಾಣಿಸುವುದಿಲ್ಲ, ಬಾಗಿಲು ತಟ್ಟಿದರೆ ಯಾರಿಗೂ ಕೇಳಿಸುವುದಿಲ್ಲ, ಬಾಯಾರಿದರೆ ನೀರು ಕೊಡುವ ಕೈ ಇಲ್ಲ. ಬದುಕಿದ್ದೂ ಇರಲೇ ಇಲ್ಲ.

ಸಾಣೆಯವನ ಮೊದಲ ಬೊಗಸೆ ಆಗಿತ್ತು, ಎರಡನೆಯದೂ ಆಗಿತ್ತು. ಮೂರನೆಯ ಬೊಗಸೆ ಕೈಯಲ್ಲಿತ್ತು. ಅವನು ಅದನ್ನು ನಿಧಾನವಾಗಿ ಕಲ್ಯಾಣಿಗೇ ಸುರಿದ.

"ಸ್ವಾಮಿ, ನನಗೆ ಮೂರನೆಯ ಮಾತು ಬರುತ್ತಿಲ್ಲ."

"ನೀನು ಆ ಕಥೆ ನೋಡಿದ್ದೀಯಾ?"

"ಇಲ್ಲ. ಕಂಡಿಲ್ಲ, ಕೇಳಿಲ್ಲ. ಎರಡನ್ನೂ ಹೇಳಿದೆ, ಎರಡೂ ನಿಜ."

"ಮತ್ತೆ?"

"ಈ ಅಮ್ಮ ಸೀಸದ ಕಡ್ಡಿ ಹೆರೆಯುವ ಚಾಕನ್ನು ನನ್ನ ಹತ್ತಿರ ತರುತ್ತಿದ್ದರು. ಏಳು ವರ್ಷ. ಎಂಟು ದಿನಕ್ಕೊಮ್ಮೆ. ನಾನು ಹರಿತ ಮಾಡಿ ಕೊಡುತ್ತಿದ್ದೆ, ಇವರು ಮೊಂಡು ಮಾಡಿ ತರುತ್ತಿದ್ದರು. ಟಗರು ಇರಲೇ ಇಲ್ಲವಾದರೆ ಆ ಚಾಕು ಯಾವುದರ ಮೇಲೆ ಸವೆಯಿತು?"

ಯಾರೋ ನಕ್ಕು, ನಕ್ಕದ್ದನ್ನು ಕೆಮ್ಮು ಮಾಡಿಕೊಂಡರು.

"ಸಾಣೆಯವನೇ, ಊರಿಗೆಲ್ಲ ಬೊಗಸೆ ಎಣಿಸುವವನು ನೀನು," ಎಂದ ಪಾರುಪತ್ಯಗಾರ.

"ಅದಕ್ಕೇ ಹೇಳುತ್ತಿದ್ದೇನೆ. ಕಲ್ಯಾಣಿಯ ಕೊನೆಯ ಮೆಟ್ಟಿಲಿನಲ್ಲಿ ಕೆತ್ತಿದ್ದನ್ನೂ ಓದಿದ್ದೇನೆ. ನೀರು ಇಳಿದಾಗ ಕಾಣುತ್ತದೆ."

ಪಾರುಪತ್ಯಗಾರನಿಗೂ ಅದು ಗೊತ್ತಿತ್ತು. ನಿಯಮ ಮಾಡಿದವರೇ ಕೆತ್ತಿಸಿದ ಸಾಲು: ಕೈಯಲ್ಲಿ ಹಿಡಿದು ಮೊದಲಿಂದ ಕೊನೆಯವರೆಗೆ ತೋರಿಸಬಲ್ಲದ್ದನ್ನು ಇಲ್ಲ ಎನ್ನತಕ್ಕದ್ದಲ್ಲ.

"ಅಮಾವಾಸ್ಯೆಯವರೆಗೆ," ಎಂದ ಪಾರುಪತ್ಯಗಾರ. "ಸೂರ್ಯ ಮುಳುಗುವುದರೊಳಗೆ. ಮೊದಲಿಂದ ಕೊನೆಯವರೆಗೆ, ಒಂದು ಗೆರೆ ಬಿಡದೆ. ಬಿಟ್ಟರೆ ಊರು ಇವರ ಮೇಲೆ ಕಣ್ಣು ತೊಳೆಯುತ್ತದೆ. ನಿನ್ನ ಮೇಲೂ."

"ನಿಯಮವೆಂದರೆ ನಿಯಮ," ಎಂದ ಸಾಣೆಯವನು.

*

ಕೈಯಲ್ಲಿ ಹಿಡಿಯುವುದು ಎಂದರೆ ಏನು ಎಂದು ಅವನಿಗೆ ಗೆರೆಯವಳೇ ಹೇಳಬೇಕಾಯಿತು.

ಗೋಪುರ ಬರುವುದಕ್ಕೆ ಮುಂಚೆ ಆ ಊರಿನಲ್ಲಿ ಕಥೆಗಳು ಬಿಲ್ಲೆಗಳಲ್ಲಿರುತ್ತಿದ್ದವು. ಅಂಗೈಯಗಲದ ತೆಳುವಾದ ಬಿಲ್ಲೆ, ನಡುವೆ ಬೆರಳು ತೂರುವಷ್ಟು ತೂತು, ಬೆಳಕಿಗೆ ಹಿಡಿದರೆ ಏಳು ಬಣ್ಣ. ತಿರುಗುಪೆಟ್ಟಿಗೆಯಲ್ಲಿ ಹಾಕಿದರೆ ಬಿಲ್ಲೆ ಗಿರಗಿರನೆ ಸುತ್ತಿ ಕಥೆ ಪರದೆಯ ಮೇಲೆ ಬರುತ್ತಿತ್ತು. ಟಗರಿನ ಕಥೆಗೆ ಹದಿಮೂರು ಕಂತು, ಕಂತಿಗೊಂದು ಬಿಲ್ಲೆ. ಪ್ರತಿ ಬಿಲ್ಲೆಯ ಬೆನ್ನಿನಲ್ಲಿ ಟಗರಿನ ಮುಖ, ಮುಖದ ಕೆಳಗೆ ಅಂಕಿ. ಗೋಪುರ ಬಂದ ಮೇಲೆ ಜನ, "ಎಲ್ಲ ಮೇಲಿನಿಂದಲೇ ಬರುತ್ತದಲ್ಲ, ಇದನ್ನು ಎಲ್ಲಿ ಇಡುವುದು," ಎಂದು ಬಿಲ್ಲೆಗಳನ್ನು ಹೊಲದವಳಿಗೆ ಕೊಟ್ಟುಬಿಟ್ಟರು. ಹೊಲದವಳು ಅವನ್ನು ದಾರಕ್ಕೆ ಕಟ್ಟಿ ಜೋಳದ ನಡುವೆ ತೂಗಹಾಕಿದಳು. ಬಿಸಿಲಿಗೆ ಫಳ್ಳೆಂದು ಹೊಳೆದರೆ ಗಿಳಿ ಹತ್ತಿರ ಬರುವುದಿಲ್ಲ.

"ಪರವಾಗಿಲ್ಲ ಸಾಣೆಯಣ್ಣ," ಎಂದಳು ಹೊಲದವಳು, ಸೊಂಟದ ಮೇಲೆ ಕೈಯಿಟ್ಟು. "ಬಿಲ್ಲೆ ಬಿಚ್ಚಿಕೊಂಡು ಹೋಗು. ನಾಳೆ ಗಿಳಿ ಬಂದರೆ ನಿನ್ನ ಟಗರು ಬಂದು ಓಡಿಸುತ್ತಾನೋ, ಇಲ್ಲ ನೀನೇ ಬಂದು ಕಂಬದ ಹಾಗೆ ನಿಲ್ಲುತ್ತೀಯೋ?"

"ಬಿಲ್ಲೆಯ ಬದಲು ತಗಡು ಕಟ್ಟಿಕೊಡುತ್ತೇನೆ. ಹೊಳಪು ಕೊಟ್ಟು."

"ತಗಡು?"

"ನಾನು ಹೊಳಪು ಕೊಟ್ಟ ತಗಡು."

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಮತ್ತೆ ಕುಡುಗೋಲು?"

"ಬದುಕಿರುವವರೆಗೆ ನಿನ್ನ ಕುಡುಗೋಲಿಗೆ ಸಾಣೆ ನನ್ನದು."

"ಸರಿ, ಗಾಡಿ ಹತ್ತು. ನಡೆದರೆ ಅಮಾವಾಸ್ಯೆ ದಾಟುತ್ತದೆ, ನನ್ನ ಹೊಲ ಅಷ್ಟುದ್ದ."

ಅವಳ ಒಂಟೆತ್ತಿನ ಗಾಡಿ ಬೀದಿಗುಂಟ ಓಡಿತು. ಹೊಲಕ್ಕೂ ಬೀದಿಗೂ ನಡುವೆ ಜೋಳದ ದಂಟು ಕಟ್ಟಿದ ತಡಿಕೆ ಬೇಲಿ. ದಂಟಿಗೂ ದಂಟಿಗೂ ನಡುವೆ ಬೆರಳಗಲದ ಸಂದಿ. ಅಂದು ಎಲೆಯೂ ಅಲುಗದ ಹವೆ. ಸಾಣೆಯವನು ತಡಿಕೆಯ ಆಚೆ ನೋಡುತ್ತ ಕುಳಿತಿದ್ದವನು ಥಟ್ಟನೆ ನೆಟ್ಟಗಾದ. ಸಂದಿಗಳಾಚೆ ಒಂದು ಬಿಲ್ಲೆ ತೂಗುತ್ತಿತ್ತು. ಹೋಗಿ ಬಂದು, ಹೋಗಿ ಬಂದು, ತೊಟ್ಟಿಲ ಹಾಗೆ.

"ಗಾಳಿಯೇ ಇಲ್ಲ, ಅದು ಹೇಗೆ ತೂಗುತ್ತದೆ?"

"ಎಲ್ಲಿ ತೂಗುತ್ತದೆ?" ಹೊಲದವಳು ಎತ್ತು ನಿಲ್ಲಿಸಿದಳು. ಬಿಲ್ಲೆಗಳು ನೂರಾರು, ಸಾಲಾಗಿ, ಒಂದೊಂದೂ ಒಂದೊಂದು ಓರೆಯಲ್ಲಿ, ಅಲ್ಲಾಡದೆ ನಿಂತಿದ್ದವು. ಗಾಡಿ ಓಡಿತು, ಬಿಲ್ಲೆ ತೂಗಿತು. ಗಾಡಿ ನಿಂತಿತು, ಬಿಲ್ಲೆ ನಿಂತಿತು.

"ನಿನಗೆ ಬಿಸಿಲು ಹತ್ತಿದೆ," ಎಂದಳು ಅವಳು. ಅರ್ಥವಾಗದ್ದನ್ನು ಅವನು ತಲೆಯಲ್ಲಿ ಒಂದು ಕಡೆ ಇಟ್ಟುಕೊಳ್ಳುವವನು.

ಸಂಜೆಯೊಳಗೆ ಒಂದರಿಂದ ಹನ್ನೆರಡರವರೆಗೆ ಅಂಕಿಗಳು ಸಿಕ್ಕವು. ಹದಿಮೂರು ಸಿಗಲಿಲ್ಲ. "ನಾಳೆ ನೋಡೋಣ," ಎಂದಳು ಗೆರೆಯವಳು, ಬೇರೆಲ್ಲೋ ನೋಡುತ್ತ.

ಗೆರೆಯವಳ ತಿರುಗುಪೆಟ್ಟಿಗೆಗೆ ಹಾಕಿದರೆ ಒಂದು ಬಿಲ್ಲೆಯೂ ಸರಿಯಾಗಿ ಸುತ್ತಲಿಲ್ಲ. ಟಗರು ಕಾಲೆತ್ತುತ್ತಿತ್ತು, ಎತ್ತಿದ ಕಾಲು ಎತ್ತಿದಂತೆಯೇ ನಿಂತು ಚೂರುಚೂರಾಗುತ್ತಿತ್ತು. ಬಿಲ್ಲೆಯ ಮೈತುಂಬ ಗೀರು.

"ಗೀರು ತೆಗೆಯುವುದು ನನ್ನ ಕೆಲಸ," ಎಂದ ಸಾಣೆಯವನು. ಏಳನೆಯ ಬಿಲ್ಲೆಯನ್ನು ತೆಗೆದುಕೊಂಡು, ನಲವತ್ತು ವರ್ಷ ಲೋಹಕ್ಕೆ ಮಾಡಿದ ಹಾಗೆಯೇ, ಮೆತ್ತನೆಯ ಬಟ್ಟೆ ಸುತ್ತಿದ ಚಕ್ರಕ್ಕೆ ಹಿಡಿದು ದುಂಡಗೆ, ದುಂಡಗೆ ತಿಕ್ಕಿದ. ಬಿಲ್ಲೆ ಕನ್ನಡಿಯ ಹಾಗೆ ಹೊಳೆಯಿತು. ಪೆಟ್ಟಿಗೆಗೆ ಹಾಕಿದರೆ ಪರದೆ ಬೆಳ್ಳಗೆ ನಿಂತಿತು. ಮೊದಲು ಕಾಲಾದರೂ ಎತ್ತುತ್ತಿದ್ದ ಟಗರು ಈಗ ಪೂರ್ತಿ ಇಲ್ಲವಾಗಿತ್ತು.

ಗೋಪುರ ಒಂದು ತಿಂಗಳಲ್ಲಿ ಮಾಡುವ ಕೆಲಸವನ್ನು ಅವನ ಕೈ ಅರ್ಧ ಗಳಿಗೆಯಲ್ಲಿ ಮಾಡಿತ್ತು.

"ನನ್ನ ತಪ್ಪು," ಎಂದ. ಆ ಮಾತು ಅವನ ಬಾಯಲ್ಲಿ ಹೊಸದು.

ಮರುದಿನ ಅವನು ಬಿಲ್ಲೆ ಮುಟ್ಟಲಿಲ್ಲ, ನೋಡಿದ. ಒಂದೊಂದನ್ನೇ ಬಿಸಿಲಿಗೆ ಹಿಡಿದು ಗೀರುಗಳನ್ನು ಓದಿದ. ನಾಲ್ಕನೆಯ ಬಿಲ್ಲೆಗೆ ಜೋಳದ ತೆನೆ ಉಜ್ಜಿ ಉಜ್ಜಿ ಅಡ್ಡಡ್ಡ ನೂರು ಗೀರು ಬಿದ್ದಿದ್ದವು. ಅದು ಎಡವುತ್ತ ಎಡವುತ್ತಲಾದರೂ ಸುತ್ತುತ್ತಿತ್ತು. ಒಂಬತ್ತನೆಯದಕ್ಕೆ ಇದ್ದದ್ದು ಕೂದಲಿನಷ್ಟು ಸಣ್ಣ, ದುಂಡನೆಯ, ಒಂದೇ ಗೀರು. ಅದು ಸುತ್ತುತ್ತಲೇ ಇರಲಿಲ್ಲ.

"ಅಮ್ಮ, ಜನ ಇವನ್ನು ಹೇಗೆ ಒರೆಸುತ್ತಿದ್ದರು?"

ಗೆರೆಯವಳು ಕೈಯಾಡಿಸಿ ತೋರಿಸಿದಳು. ಹಬ್ಬದ ಮುಂಚೆ, ಹಿತ್ತಾಳೆಯ ತಟ್ಟೆ ಬೆಳಗಿದ ಹಾಗೆ, ದೇವರಿಗೆ ಆರತಿ ಎತ್ತಿದ ಹಾಗೆ, ಬಲದಿಂದ ಎಡಕ್ಕಲ್ಲ, ಎಡದಿಂದ ಬಲಕ್ಕೆ, ದುಂಡಗೆ, ಭಕ್ತಿಯಿಂದ.

"ಭಕ್ತಿಯಿಂದಲೇ ಕೊಂದರು," ಎಂದ ಸಾಣೆಯವನು. "ಕಥೆ ಇದರೊಳಗೆ ಶಂಖದ ಹುಳುವಿನ ಬೆನ್ನಿನ ಹಾಗೆ ಸುತ್ತಿಕೊಂಡು ಮಲಗಿದೆ. ದುಂಡಗೆ ಒರೆಸಿದರೆ ಗೀರು ದಾರಿಯುದ್ದಕ್ಕೂ ಹೋಗಿ ಇಡೀ ದಾರಿಯನ್ನೇ ಕೀಳುತ್ತದೆ. ಅಡ್ಡ ಒರೆಸಿದರೆ ದಾರಿಯನ್ನು ದಾಟುತ್ತದೆ, ಅಷ್ಟೆ. ಒಂದು ಹೆಜ್ಜೆ ಹೋಗುತ್ತದೆ, ಊರು ಉಳಿಯುತ್ತದೆ."

ಚಕ್ರವನ್ನು ಗೋಣಿ ಹೊದಿಸಿ ಮೂಲೆಗಿಟ್ಟ. ಹಲ್ಲುಪುಡಿಯನ್ನು ನೀರಲ್ಲಿ ಕಲಸಿದ, ಹಳೆಯ ಪಂಚೆಯ ತುಂಡು ತೆಗೆದುಕೊಂಡ. ನಡುವಿನ ತೂತಿನಿಂದ ಅಂಚಿಗೆ, ನೇರವಾಗಿ. ಮತ್ತೆ ನಡುವಿನಿಂದ ಅಂಚಿಗೆ. ಸೂರ್ಯ ಕಿರಣ ಬಿಟ್ಟ ಹಾಗೆ. ನಲವತ್ತು ವರ್ಷ ದುಂಡಗೆ ತಿರುಗಿದ ಕೈ ಪ್ರತಿ ಸಲವೂ ದುಂಡಗೆ ಹೋಗಲು ಎಳೆಯುತ್ತಿತ್ತು. ಅವನು ಪ್ರತಿ ಸಲವೂ ಅದನ್ನು ನೇರ ಮಾಡುತ್ತಿದ್ದ. ನಡುವಿನಿಂದ ಅಂಚಿಗೆ. ಹಾಳಾದ ಏಳನೆಯ ಬಿಲ್ಲೆಯ ಇನ್ನೊಂದು ಪ್ರತಿ, ಮನೆಮನೆ ಕೇಳಿದ ಮೇಲೆ, ಒಬ್ಬರ ಮಜ್ಜಿಗೆ ಗಡಿಗೆಯ ಮುಚ್ಚಳವಾಗಿ ಸಿಕ್ಕಿತು. ಹತ್ತು ದಿನಕ್ಕೆ ಹನ್ನೆರಡು ಬಿಲ್ಲೆಗಳೂ ಕಣ್ಣು ಬಿಟ್ಟವು.

ಹನ್ನೊಂದನೆಯ ದಿನ ಅವನು ಕೇಳಿದ: "ಹದಿಮೂರು?"

ಗೆರೆಯವಳು ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದಳು. ಬಿಲ್ಲೆಗಳನ್ನಿಡಲು ಅದರಲ್ಲಿ ಹದಿಮೂರು ಕುಳಿ ಇದ್ದವು. ಹನ್ನೆರಡು ಕುಳಿಗಳ ಅಂಚು ಸವೆದಿತ್ತು. ಹದಿಮೂರನೆಯದು ಮಾಡಿದ ದಿನದಷ್ಟೇ ಹೊಸದಾಗಿತ್ತು.

"ಇದಕ್ಕೆ ಬಿಲ್ಲೆ ಬರಲೇ ಇಲ್ಲ," ಎಂದಳು. "ಹನ್ನೆರಡು ಮಾಡುವ ಹೊತ್ತಿಗೆ ಗೋಪುರ ಬಂತು. ಬಿಲ್ಲೆ ಒತ್ತುವವರು, ಇನ್ನು ಯಾರು ಕೊಳ್ಳುತ್ತಾರೆ ಎಂದು ನಿಲ್ಲಿಸಿಬಿಟ್ಟರು. ಕೊನೆಯದು ಗೋಪುರದಿಂದ ಗಾಳಿಯಲ್ಲಷ್ಟೇ ಬಂತು, ಅದನ್ನು ಯಾರೂ ಕೈಯಲ್ಲಿ ಹಿಡಿದಿಲ್ಲ."

"ಇದು ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ನನಗೆ ಹೇಳಲಿಲ್ಲ."

"ಹೇಳಿದ್ದರೆ ಮೂರನೆಯ ಬೊಗಸೆ ಚೆಲ್ಲುತ್ತಿದ್ದೆಯಾ?"

ಅವನು ಯೋಚಿಸಿದ. ಸುಳ್ಳು ಹೇಳುವವನಲ್ಲವಾದ್ದರಿಂದ ಹೊತ್ತು ಹಿಡಿಯಿತು. "ಚೆಲ್ಲುತ್ತಿದ್ದೆ," ಎಂದ. "ಆದರೆ ನಿಮ್ಮನ್ನು ಬೈಯುತ್ತಿದ್ದೆ."

"ಈಗ ಬೈ."

"ಈಗ ಹೊತ್ತಿಲ್ಲ. ಆ ಕಂತಿನ ಚಿತ್ರಗಳಾದರೂ ಇವೆಯೇ?"

ಅವಳು ಹಾಸಿಗೆ ಸುತ್ತಿ ಪಕ್ಕಕ್ಕಿಟ್ಟಳು. ಹಾಸಿಗೆಯ ಕೆಳಗೆ, ಮಂಚದ ಹಲಗೆಯ ಮೇಲೆ, ಹಾಳೆಗಳು. ಅವಳು ಇಷ್ಟು ವರ್ಷ ಅವುಗಳ ಮೇಲೆಯೇ ಮಲಗಿದ್ದಳು. ಹದಿಮೂರನೆಯ ಕಂತು ಎಲ್ಲಕ್ಕಿಂತ ಚಿಕ್ಕದು. ಅದರಲ್ಲಿ ಮಾತೇ ಇಲ್ಲ, ಟಗರು ಬೆಟ್ಟ ಹತ್ತುವುದು ಮಾತ್ರ. ಆರುನೂರ ಹನ್ನೆರಡು ಹಾಳೆ. ಪ್ರತಿ ಹಾಳೆಯಲ್ಲೂ ಟಗರಿನ ಕಾಲು ಕೂದಲೆಳೆಯಷ್ಟು ಮುಂದೆ.

"ಹಾಳೆ ತೋರಿಸಿದರೆ ಅವನು ಒಪ್ಪುವುದಿಲ್ಲ," ಎಂದಳು. "ಇದು ಆರುನೂರು ಟಗರು, ಒಂದೂ ನಡೆಯುವುದಿಲ್ಲ ಎನ್ನುತ್ತಾನೆ. ಅವನು ಹೇಳುವುದು ಸರಿಯೇ. ಹಾಳೆ ಓಡಬೇಕು, ಆಗಲೇ ಟಗರು ನಡೆಯುವುದು."

ಸಾಣೆಯವನು ಕಿಟಕಿಯಿಂದ ಹೊರಗೆ ನೋಡಿದ. ಆರುನೂರು ಮನೆ, ಒಂದೇ ಸಾಲು. ಎದುರಿಗೆ ತಡಿಕೆ ಬೇಲಿ. ತಲೆಯಲ್ಲಿ ಒಂದು ಕಡೆ ಇಟ್ಟುಕೊಂಡಿದ್ದನ್ನು ಈಗ ಎತ್ತಿಕೊಂಡ.

"ಹಾಳೆ ನಿಲ್ಲಲಿ," ಎಂದ. "ನೋಡುವವನು ಓಡಲಿ."

*

ಅಮಾವಾಸ್ಯೆಯ ಬೆಳಗಿನ ಹೊತ್ತಿಗೆ ಹೊಲದ ತಡಿಕೆ ಹೊಲದ ಕಡೆ ಇರಲಿಲ್ಲ. ಬೀದಿಯ ಈಚೆಗೆ, ಮನೆಗಳ ಮುಂದೆ ಎರಡು ಮಾರು ಬಿಟ್ಟು, ಕಲ್ಯಾಣಿಯಿಂದ ಗೋಪುರದವರೆಗೆ ನೆಟ್ಟಗೆ ನಿಂತಿತ್ತು. ಹೊಲದವಳು ಮೂರು ದಿನದಿಂದ ಊಟ ನಿದ್ದೆ ಬಿಟ್ಟು ನೆಟ್ಟಿದ್ದಳು. "ಕುಡುಗೋಲಿನ ಲೆಕ್ಕ ಈಗ ನನ್ನ ಮೊಮ್ಮಕ್ಕಳವರೆಗೂ ಬಂತು, ನೆನಪಿರಲಿ," ಎಂದಿದ್ದಳು.

ಕಲ್ಯಾಣಿಯ ಪಕ್ಕ ಕಂಬಳಿ ಹೊದಿಸಿದ ಕತ್ತಲೆಯ ಚಪ್ಪರ. ಒಳಗೆ ಪರದೆ, ತಿರುಗುಪೆಟ್ಟಿಗೆ. ಪಾರುಪತ್ಯಗಾರ ಮುಂದಿನ ಚಾಪೆಯಲ್ಲಿ ಕುಳಿತ. ಜನ ಹೊರಗೇ ನಿಂತರು. ಕಣ್ಣು ತೊಳೆದುಕೊಂಡವರು ನೋಡುವಂತಿಲ್ಲ. ಆದರೆ ಕಂಬಳಿಗೆ ತೂತುಗಳಿದ್ದವು.

ಮೊದಲ ಬಿಲ್ಲೆ ಸುತ್ತಿತು. ಕಾಳಗದಲ್ಲಿ ಟಗರಿನ ಒಂದು ಕೊಂಬು ಮುರಿದು ಹೊಳೆಗೆ ಬಿತ್ತು. ಕೊಂಬು ತೇಲಿಕೊಂಡು ಹೋಯಿತು, ಟಗರು ದಡದ ಮೇಲೆ ಹಿಂದೆ ಹೊರಟಿತು. ಎರಡನೆಯ ಬಿಲ್ಲೆಯ ಹೊತ್ತಿಗೆ ಬಾಗಿಲಲ್ಲಿ ಹತ್ತು ಜನ. ಐದನೆಯದಕ್ಕೆ ಚಪ್ಪರ ತುಂಬಿತ್ತು. ಎಂಟನೆಯದರಲ್ಲಿ ಟಗರು ಹಸಿದು ಸುಣ್ಣದ ಗೋಡೆ ನೆಕ್ಕಿದಾಗ ಯಾರೋ ಹೆಂಗಸು, "ಅಯ್ಯೋ, ಇದಾದ ಮೇಲೆ ಕತ್ತೆ ಬರುತ್ತದಲ್ಲ," ಎಂದು ಬಾಯಿ ಮುಚ್ಚಿಕೊಂಡಳು. ಪಕ್ಕದವಳು, "ಕತ್ತೆ ಮುಂದಿನದರಲ್ಲಿ. ಮೊದಲು ಸುಣ್ಣ ಕಾರುತ್ತದೆ," ಎಂದಳು. ಪಾರುಪತ್ಯಗಾರ ಹಿಂದೆ ತಿರುಗಿ ನೋಡಲಿಲ್ಲ.

ಹನ್ನೆರಡನೆಯ ಬಿಲ್ಲೆಯ ಕೊನೆಗೆ ಟಗರು ಒಂದು ಬೆಟ್ಟದ ಬುಡದಲ್ಲಿ ನಿಂತಿತು. ತಲೆ ಎತ್ತಿ ಮೇಲೆ ನೋಡಿತು. ಪರದೆ ಬೆಳ್ಳಗಾಯಿತು.

ಬಿಸಿಲು ಓರೆಯಾಗಿತ್ತು. ಯಾರೂ ಏಳಲಿಲ್ಲ.

"ಆಮೇಲೆ?" ಎಂದರು ಯಾರೋ ಹಿಂದಿನಿಂದ.

"ಆಮೇಲೆ?" ಎಂದರು ಇನ್ನಾರೋ. ಆಮೇಲೆ, ಆಮೇಲೆ ಎಂದು ಚಪ್ಪರದಿಂದ ಬೀದಿಗೆ, ಬೀದಿಯಲ್ಲಿ ಮನೆಯಿಂದ ಮನೆಗೆ ಆ ಒಂದೇ ಮಾತು ಹೋಯಿತು.

ಗೆರೆಯವಳು ಹಾಳೆಗಳ ಕಟ್ಟು ಬಿಚ್ಚಿದಳು. "ಆಮೇಲೆ ಇಲ್ಲಿದೆ. ಬನ್ನಿ. ಮನೆಗೊಂದು. ನಿಮ್ಮ ಬಾಗಿಲಲ್ಲಿ ಎದೆಗೆ ಹಿಡಿದು ನಿಲ್ಲಿ. ಹಿಡಿದು ನಿಂತವರಿಗೆ ಕಥೆ ಕಾಣಿಸುವುದಿಲ್ಲ, ನಿಮ್ಮ ಹೆಜ್ಜೆ ಮಾತ್ರ ನಿಮ್ಮದು. ಯಾರು ಬರುತ್ತೀರಿ?"

ಕತ್ತೆಯ ಮಾತಾಡಿದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು. "ನನ್ನದು ಮೊದಲನೇ ಮನೆ, ಮೊದಲನೇದು ಕೊಡಿ," ಎಂದಳು. ಅವಳ ಹಿಂದೆ ಸಾಲು ನಿಂತಿತು. ಸಾಣೆಯವನು ಸಾಲಿನ ಪಕ್ಕ ನಡೆಯುತ್ತ ಎಣಿಸಿದ, ತಿದ್ದಿದ: "ತಲೆಕೆಳಗಾಗಿದೆ, ತಿರುಗಿಸಿ. ಹೆಬ್ಬೆರಳು ಟಗರಿನ ಮೇಲೆ ಬರಬಾರದು. ಎದೆಯ ಮಟ್ಟಕ್ಕೆ." ಬಾಗಿಲು ಬಾಗಿಲಿಗೂ ಒಂದೊಂದು ಟಗರು ನಿಂತಿತು. ಕೊನೆಯ ಹನ್ನೆರಡು ಹಾಳೆಗಳಿಗೆ ಮನೆ ಇರಲಿಲ್ಲ. ಹೊಲದವಳು ತನ್ನ ಕಡೆಯ ಹನ್ನೊಂದು ಜನರನ್ನು ಕರೆದುಕೊಂಡು ಹೋಗಿ ಗೋಪುರದ ಗೋಡೆಗೇ ಬೆನ್ನು ಕೊಟ್ಟು ನಿಂತಳು.

"ನಾನು ಹೇಗೆ ನೋಡಲಿ?" ಎಂದ ಪಾರುಪತ್ಯಗಾರ.

"ಗಾಡಿ ಹತ್ತಿ ಸ್ವಾಮಿ. ಎಡಗಡೆ ನೋಡಿ. ಕಣ್ಣು ಕದಲಿಸಬೇಡಿ." ಸಾಣೆಯವನೇ ಹಗ್ಗ ಹಿಡಿದು ಎತ್ತನ್ನು ಓಡಿಸಿದ.

ತಡಿಕೆಯ ಸಂದಿಗಳು ಓಡಿದವು, ಸಂದಿಗಳಾಚೆ ಹಾಳೆಗಳು ಒಂದರೊಳಗೊಂದು ಕರಗಿದವು, ಟಗರು ಕಾಲು ಎತ್ತಿತು. ಎತ್ತಿದ ಕಾಲು ಇಟ್ಟಿತು. ಕಲ್ಲು ಜಾರಿತು, ಕಿವಿ ಅಲುಗಿತು, ಬಾಲ ಅಲುಗಿತು. ಜನರ ಎದೆಯ ಮೇಲೆ, ಬಾಗಿಲಿಂದ ಬಾಗಿಲಿಗೆ, ಒಂಟಿಕೊಂಬಿನ ಟಗರು ಬೆಟ್ಟ ಹತ್ತಿತು. ನಾನೂರರ ಹತ್ತಿರ ಅದು ಬಂಡೆಯೊಂದಕ್ಕೆ ಮುಂಗಾಲು ಕೊಟ್ಟಿತು, ಥಟ್ಟನೆ ಮಾಯವಾಯಿತು, ಮತ್ತೆ ಕಾಣಿಸಿಕೊಂಡು ಮುಂದೆ ಹೋಯಿತು.

"ನಿಲ್ಲಿಸು," ಎಂದ ಪಾರುಪತ್ಯಗಾರ. "ಅಲ್ಲಿ ತಪ್ಪಿತು."

ಸಾಣೆಯವನೂ ಕಂಡಿದ್ದ. ಅವನ ಕಣ್ಣಿಗೆ ತಪ್ಪು ಬೀಳದೆ ಇರುವುದಿಲ್ಲ.

"ಒಂದು ಗೆರೆಯೂ ಬಿಡಬಾರದು ಎಂದಿದ್ದೆ. ಇಲ್ಲಿ ಒಂದು ಹೆಜ್ಜೆಯೇ ಇಲ್ಲ. ಯಾರ ಬಾಗಿಲು ಅದು?"

ಸಾಣೆಯವನು ಇಳಿದು ತಡಿಕೆ ಸರಿಸಿ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಬಾಗಿಲ ಮುಂದೆ ಗೋಣಿ ಹೊದಿಸಿದ ಸಾಣೆಯ ಚಕ್ರವಿತ್ತು. ಅವನು ತನ್ನ ಸೊಂಟಕ್ಕೆ ಕೈ ಹಾಕಿದ. ಮಡಿಸಿ ಸಿಕ್ಕಿಸಿಕೊಂಡಿದ್ದ ನಾನೂರ ಮೂರನೆಯ ಹಾಳೆ ಅಲ್ಲೇ ಇತ್ತು. ಊರಿಗೆಲ್ಲ ಹಾಳೆ ಹಂಚಿ, ಊರನ್ನೆಲ್ಲ ತಿದ್ದಿ ನಿಲ್ಲಿಸಿದವನು ತನ್ನ ಮನೆಯನ್ನು ಎಣಿಸಿರಲಿಲ್ಲ.

ನಾನೂರ ಎರಡರವಳು ನೋಡಿದಳು. ನಾನೂರ ನಾಲ್ಕರವನು ನೋಡಿದ. "ಸಾಣೆಯಣ್ಣ, ಎರಡೇ ಆಯಿತು. ಇನ್ನೊಂದು," ಎಂದಳು ಅವಳು. ನಗು ಅಲ್ಲಿಂದ ಎರಡೂ ಕಡೆಗೆ ಹರಡಿ ಕಲ್ಯಾಣಿಯನ್ನೂ ಗೋಪುರವನ್ನೂ ಮುಟ್ಟಿತು. ಹಾಳೆಗಳೆಲ್ಲ ಕುಲುಕಿದವು.

ಸಾಣೆಯವನು ನಗಲಿಲ್ಲ. ಪಶ್ಚಿಮಕ್ಕೆ ನೋಡಿದ. ಸೂರ್ಯ ಇನ್ನೂ ಎರಡು ಮಾರು ಮೇಲಿದ್ದ.

"ಸ್ವಾಮಿ, ಹೊತ್ತು ಮುಳುಗುವವರೆಗೆ ಎಂದಿದ್ದಿರಿ. ನಾನು ನನ್ನ ಬಾಗಿಲಲ್ಲಿ ನಿಲ್ಲಬೇಕು. ಗಾಡಿ ನೀವು ಹೊಡೆಯಬೇಕು. ಗಾಡಿಯಲ್ಲಿ ಕೈ ಖಾಲಿ ಇರುವವರು ಈಗ ನೀವೊಬ್ಬರೇ."

"ನಾನು ಎತ್ತು ಹೊಡೆದವನಲ್ಲ."

"ನಿಧಾನ ಮಾಡಿದರೆ ಟಗರು ನಿಂತುಬಿಡುತ್ತದೆ. ಅಷ್ಟು ಗೊತ್ತಿದ್ದರೆ ಸಾಕು."

ಪಾರುಪತ್ಯಗಾರ ಹಗ್ಗವನ್ನು ನೋಡಿದ, ಎತ್ತನ್ನು ನೋಡಿದ. ಗಾಡಿಯನ್ನು ಕಲ್ಯಾಣಿಯವರೆಗೆ ಹಿಂದಕ್ಕೆ ತಂದು, ಶಲ್ಯವನ್ನು ತಲೆಗೆ ಸುತ್ತಿಕೊಂಡು ಮೂಕಿಯ ಮೇಲೆ ಕುಳಿತ. ಸಾಣೆಯವನು ತನ್ನ ಬಾಗಿಲಲ್ಲಿ ಹಾಳೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಹೆಬ್ಬೆರಳು ಅಂಚಿಗೆ ಸರಿಸಿ, ನಿಂತ. ಕಥೆ ಅವನಿಗೆ ಕಾಣಿಸುವುದಿಲ್ಲ. ಇದೂ ಕಂಡಿಲ್ಲ ಎಂದೇ ಆಯಿತು. ದೂರದಿಂದ ಚಕ್ರದ ಸದ್ದು ಬಂತು. ಮೊದಲು ತಡವರಿಸುತ್ತ, ಆಮೇಲೆ ಜೋರಾಗಿ, ಆಮೇಲೆ ಇನ್ನೂ ಜೋರಾಗಿ. "ಹೋಯ್, ಹೋಯ್" ಎಂಬ ಪಾರುಪತ್ಯಗಾರನ ಕೂಗು ಬಂತು. ಗಾಡಿ ಅವನ ಮುಂದೆ ಒಂದು ಮಿಂಚಿನ ಹಾಗೆ ಹಾದುಹೋಯಿತು. ತಡಿಕೆಯ ಸಂದಿಯಲ್ಲಿ ಅವನಿಗೆ 'ಕಂಡದ್ದು' ಇಷ್ಟೇ: ಎಡಕ್ಕೆ ತಿರುಗಿದ ಒಂದು ಮುಖ, ಬಾಯಿ ತೆರೆದಿದೆ, ರೆಪ್ಪೆ ಬಡಿಯುತ್ತಿಲ್ಲ.

ಬಂಡೆ ಹತ್ತಿತು ಟಗರು. ಈ ಸಲ ತಪ್ಪಲಿಲ್ಲ. ಐನೂರು ದಾಟಿತು, ಆರುನೂರು ದಾಟಿತು, ಗೋಪುರದ ಗೋಡೆಯ ಮೇಲೆ ಬೆಟ್ಟದ ತುದಿ ಬಂತು. ತುದಿಯಲ್ಲಿ ಒಬ್ಬ ಕುರುಬಗಿತ್ತಿ ನಿಂತಿದ್ದಳು. ಅವಳ ಕೈಯಲ್ಲಿ ಟಗರಿನ ಕೊಂಬು. ಟಗರು ತಲೆ ಬಾಗಿಸಿತು. ಅವಳು ಕೊಂಬನ್ನು ಅದರ ತಲೆಗೆ ಇಡಲು ಹೋದಳು. ಟಗರು ತಲೆ ಪಕ್ಕಕ್ಕೆ ಸರಿಸಿ, ಮೂತಿಯಿಂದ ಕೊಂಬನ್ನು ಅವಳ ತುಟಿಯ ಕಡೆಗೇ ದೂಡಿತು. ಕಟ್ಟಕಡೆಯ ಹಾಳೆಯಲ್ಲಿ ಅವಳು ಕೊಂಬೆತ್ತಿ ಊದಿದಳು.

ಹಾಳೆಗೆ ಸದ್ದಿಲ್ಲ. ಆ ಹಾಳೆ ಹಿಡಿದಿದ್ದ ಹೊಲದವಳು ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮನಸ್ಸು ಬದಲಿಸಿ ಪಕ್ಕದವನ ಕೈಗೆ ಕೊಟ್ಟು, ಎರಡೂ ಅಂಗೈ ಬಾಯಿಗೆ ಹಿಡಿದು ಕೊಂಬಿನ ಹಾಗೆ ಊದಿದಳು. ಆರುನೂರನೆಯ ಬಾಗಿಲಿನವನು ಊದಿದ. ಐನೂರ ತೊಂಬತ್ತೊಂಬತ್ತರವಳು ಊದಿದಳು. ಕೊಂಬಿನ ಧ್ವನಿ ಬಾಗಿಲಿಂದ ಬಾಗಿಲಿಗೆ ಬೆಟ್ಟ ಇಳಿದು ಬಂತು, ಸಾಣೆಯವನನ್ನು ತಲುಪಿತು. ಜೀವಮಾನದಲ್ಲಿ ಬಾಯಿಗೆ ಕೈ ಹಿಡಿದು ಕೂಗದ ಆ ಮನುಷ್ಯ ಕೂಗಿದ, ಮತ್ತೆ ಧ್ವನಿ ಮುಂದೆ ಹೋಗಿ ಕಲ್ಯಾಣಿಯ ನೀರನ್ನು ನಡುಗಿಸಿತು.

ಪಾರುಪತ್ಯಗಾರ ಗಾಡಿಯಿಂದಿಳಿದು ಬೀದಿಯುದ್ದಕ್ಕೂ ನಡೆದು ಬಂದ. ಊರು ಹಾಳೆ ಹಿಡಿದುಕೊಂಡೇ ಅವನ ಹಿಂದೆ ಬಂತು. ಅವನು ಮೆಟ್ಟಿಲಿಳಿದು ಒಂದು ಬೊಗಸೆ ನೀರು ತೆಗೆದುಕೊಂಡ. ಕಣ್ಣಿಗೆ ಹೊಡೆದುಕೊಳ್ಳಲಿಲ್ಲ, ಕುಡಿದ. "ಕಂಡೆ," ಎಂದ. ಇನ್ನೊಂದು ಬೊಗಸೆ ಕುಡಿದ. "ಕೇಳಿದೆ." ಅಲ್ಲಿಗೆ ನಿಲ್ಲಿಸಿ ಮೇಲೆ ನೋಡಿದ. ಮೂರನೆಯ ಮೆಟ್ಟಿಲಿನ ಮೇಲೆ ಸಾಣೆಯವನು ಕೈ ಕಟ್ಟಿ ನಿಂತಿದ್ದ.

"ಇನ್ನೊಂದು," ಎಂದ ಸಾಣೆಯವನು.

ಪಾರುಪತ್ಯಗಾರ ಬೊಗಸೆ ತುಂಬಿ, ಒಂದು ಹನಿ ಬಿಡದೆ ಕುಡಿದು, ಬಾಯಿ ಒರೆಸಿಕೊಂಡು ಹೇಳಿದ: "ಇದೆ."

ಆಮೇಲೆ ಅವನು ಗಾಡಿಯನ್ನು ಇನ್ನೂ ಎರಡು ಸಲ ಓಡಿಸಿದನಂತೆ. ಗೋಪುರದ ಪರವಾಗಿ ಪರಿಶೀಲನೆ ಎಂದು ಹೇಳಿದ.

*

ಆ ಊರಿನಲ್ಲಿ ಈಗಲೂ ಸಂಜೆ ಗೋಪುರದಿಂದ ಕಥೆಗಳು ಬರುತ್ತವೆ, ಹುಣ್ಣಿಮೆಗೆ ಕೆಲವು ಹೋಗುತ್ತವೆ. ಆದರೆ ಪ್ರತಿ ಬಾಗಿಲ ಪಕ್ಕದಲ್ಲೂ ಮರದ ಚೌಕಟ್ಟಿನಲ್ಲಿ ಒಂದು ಹಾಳೆ ಇದೆ, ಬೀದಿಯುದ್ದಕ್ಕೂ ತಡಿಕೆ ಇದೆ. ಕಥೆಯ ಕೊನೆ ಬೇಕಾದವರು ಗಾಡಿ ಹತ್ತಿ ಇಡೀ ಊರನ್ನು ಹಾದು ಹೋಗಬೇಕು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಗೋಪುರ ಆರುನೂರು ಬಾಗಿಲು ತಟ್ಟಬೇಕು. ಬಿಲ್ಲೆಗಳನ್ನು ಜನ ನಡುವಿನಿಂದ ಅಂಚಿಗೆ ಒರೆಸುತ್ತಾರೆ. ದುಂಡಗೆ ಒರೆಸಿದರೆ ಸಾಣೆಯವನು ಬೈಯುತ್ತಾನೆ.

ಆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅವನು ಚಕ್ರದ ಮೇಲಿನ ಗೋಣಿ ತೆಗೆಯುತ್ತಿದ್ದಾಗ ಗೆರೆಯವಳು ಬಂದಳು. ಸೆರಗಿನ ಗಂಟು ಬಿಚ್ಚಿ ಆ ಸಣ್ಣ ಚಾಕನ್ನು ಅವನ ಕೈಗಿಟ್ಟಳು.

ಅವನು ಅಲಗಿನ ಮೇಲೆ ಹೆಬ್ಬೆರಳು ಸವರಿ ನೋಡಿದ. ತುಕ್ಕು ಹಿಡಿದಿತ್ತು, ಮೊಂಡಾಗಿತ್ತು. "ಇಷ್ಟು ವರ್ಷ ಆದ ಮೇಲೆ ಇದು ಯಾತಕ್ಕೆ?"

"ಹದಿನಾಲ್ಕನೆಯದಕ್ಕೆ," ಎಂದಳು ಗೆರೆಯವಳು. "ಬೇಗ ಹಿಡಿದುಕೊಡು. ಮನೆಯಲ್ಲಿ ಕಡ್ಡಿಗಳೆಲ್ಲ ಕಾಯುತ್ತಿವೆ."